ಆಳುದ್ದ ನೆರಳು, ಕಡಲುದ್ದ ದಿಕ್ಕು

ಏಪ್ರಿಲ್ ತಿಂಗಳ ಕೊನೆಯ ದಿನಗಳು. ತದಡಿ ಬಂದರಿನ ಧಕ್ಕೆಯ ಮೇಲೆ ಬರಿಗಾಲಿಡಲಾಗದಷ್ಟು ಬಿಸಿ. ಮಧ್ಯಾಹ್ನ ಮೂರೂವರೆ ದಾಟಿದೆ. ಐಸು ಒಡೆಯುವ ಸದ್ದು, ಬುಟ್ಟಿ ಹಿಡಿದು ಕಾದಿರುವ ಹೆಂಗಸರ ಮಾತು, ಮೇಲೆ ಗಿರಕಿ ಹೊಡೆಯುವ ಹದ್ದುಗಳು. ಆ ಗದ್ದಲದ ನಟ್ಟನಡುವೆ, ಕಟ್ಟಿಹಾಕಿದ ಬೋಟಿನ ಹಲಗೆಯ ಮೇಲೆ ಕೂತು ಬಲೆ ಸರಿಮಾಡುತ್ತಿದ್ದ ಮೀನುಗಾರರೊಬ್ಬರು ಎದ್ದು ನಿಂತರು. ಕ್ಯಾನಿನ ನೀರು ಬಗ್ಗಿಸಿಕೊಂಡು ಕೈ, ಬಾಯಿ, ಮೂಗು, ಮುಖ ತೊಳೆದರು. ಮೊಣಕೈವರೆಗೆ ತೋಳು ತೊಳೆದು, ಒದ್ದೆ ಕೈಯಲ್ಲಿ ತಲೆ ಸವರಿ, ಪಾದ ತೊಳೆದರು. ಹೆಗಲ ಮೇಲಿನ ಟವೆಲನ್ನು ಹಾಸಿದರು. ಪಡುವಣಕ್ಕೆ ಮುಖಮಾಡಿ, ಒಂಚೂರು ಬಲಕ್ಕೆ ತಿರುಗಿ, ಎರಡೂ ಕೈ ಎತ್ತಿ ನಮಾಜಿಗೆ ನಿಂತುಬಿಟ್ಟರು.

ಐದಾರು ನಿಮಿಷ, ಅಷ್ಟೇ. ಮುಗಿಸಿ ಟವೆಲ್ ಕೊಡವಿ ಮತ್ತೆ ಬಲೆಗೆ ಕೂತರು. ಹತ್ತಿರ ಹೋಗಿ ಕೇಳಿದೆ: “ಭಾಯ್, ಹೊತ್ತು ಆಯ್ತು ಅಂತ ಹೇಗೆ ಗೊತ್ತಾಯ್ತು? ಅಜಾನ್ ಕೇಳಿಸಲೇ ಇಲ್ಲವಲ್ಲ?”

ಅವರು ನಕ್ಕರು. “ಈಗ ಎಲ್ಲ ಮೊಬೈಲ್‌ನಲ್ಲಿ ಇರ್ತದೆ ಸರ್. ನಮ್ಮ ಅಜ್ಜ ಹುಟ್ಟು ನಿಲ್ಲಿಸಿ ನೆರಳು ನೋಡ್ತಿದ್ರು. ನೆರಳು ಹುಟ್ಟಿನಷ್ಟೇ ಉದ್ದ ಆದ್ರೆ ಅಸರ್ ಆಯ್ತು.”

ನೆರಳು ಹುಟ್ಟಿನಷ್ಟೇ ಉದ್ದ! ಪಕ್ಕದಲ್ಲಿದ್ದ ಬಿದಿರ ಗಳು ಹಿಡಿದು ನಿಲ್ಲಿಸಿದೆ. ನೆರಳಿನ ತುದಿಗೆ ಗುರುತು ಹಾಕಿ, ಅದೇ ಗಳುವನ್ನು ಮಲಗಿಸಿ ಅಳೆದೆ. ಗಳು ಎಷ್ಟೋ ನೆರಳೂ ಅಷ್ಟೇ, ಒಂದೆರಡು ಇಂಚು ಹೆಚ್ಚಿರಬಹುದು. ಮೈ ಜುಮ್ಮೆಂದಿತು. ಮೊಬೈಲಿನ ಪರದೆಯ ಹಿಂದೆ ಅಜ್ಜನ ಹುಟ್ಟು ಇನ್ನೂ ನಿಂತೇ ಇದೆ! ಆ ನೆರಳನ್ನು ಹಿಡಿದು ಹೊರಟೆ ನೋಡಿ, ಅದು ನನ್ನನ್ನು ಯೆಮನ್‌ಗೆ, ಡಮಾಸ್ಕಸ್‌ಗೆ, ಏಳು ಶತಮಾನದ ಹಿಂದಿನ ಹೊನ್ನಾವರಕ್ಕೆ, ಕೊನೆಗೆ ಸೂರ್ಯನ ನಡುನೆತ್ತಿಗೇ ಕರೆದೊಯ್ದಿತು.

ಐದು ಹೊತ್ತು, ಒಂದೇ ಗಡಿಯಾರ

ದಿನಕ್ಕೆ ಐದು ಬಾರಿ ನಮಾಜು ಎಂದು ನಮಗೆಲ್ಲ ಗೊತ್ತು. ಆದರೆ ಆ ಐದು ಹೊತ್ತುಗಳನ್ನು ಆಕಾಶದಲ್ಲಿ ಹುಡುಕಿ ನೋಡಿದ್ದೀರಾ? ಫಜ್ರ್: ಬೆಳಕು ಮೂಡಿ ಸೂರ್ಯ ಹುಟ್ಟುವವರೆಗೆ. ಝುಹರ್: ಸೂರ್ಯ ನೆತ್ತಿ ದಾಟಿ ವಾಲಿದ ಮೇಲೆ. ಅಸರ್: ನೆರಳು ಆಳುದ್ದ ಆದ ಮೇಲೆ. ಮಗ್ರಿಬ್: ಸೂರ್ಯ ಮುಳುಗಿದ ಕೂಡಲೇ. ಇಶಾ: ಪಡುವಣದ ಕೆಂಪು ಆರಿದ ಮೇಲೆ. ಒಂದಕ್ಕೂ ಯಂತ್ರ ಬೇಡ, ಅಂಕಿ ಬೇಡ. ಕಣ್ಣಿದ್ದರೆ ಸಾಕು, ಆಕಾಶವಿದ್ದರೆ ಸಾಕು. ಕಡಲ ಮೇಲಿರುವವನಿಗೆ ಇದಕ್ಕಿಂತ ಹತ್ತಿರದ ಗಡಿಯಾರ ಯಾವುದು?

ಅದೂ ಎಂಥ ಸೂಕ್ಷ್ಮ ಗಡಿಯಾರ! ಫಜ್ರ್ ಹೊತ್ತನ್ನೇ ನೋಡಿ. ಬೆಳಗು ಎರಡು ಬಗೆ ಎನ್ನುತ್ತದೆ ಇಸ್ಲಾಮಿನ ವಿಧಿಶಾಸ್ತ್ರ. ಮೊದಲನೆಯದು ಸುಳ್ಳು ಬೆಳಗು. ತೋಳದ ಬಾಲದಂತೆ ಕೆಳಗಿನಿಂದ ಮೇಲಕ್ಕೆ ನೆಟ್ಟಗೆ ಏಳುವ ಮಂಕು ಬೆಳಕು ಅದು. ಅದನ್ನು ನಂಬಿ ನಮಾಜಿಗೆ ನಿಲ್ಲಬಾರದು. ಎರಡನೆಯದು ನಿಜ ಬೆಳಗು, ದಿಗಂತದ ಉದ್ದಕ್ಕೂ ಅಡ್ಡವಾಗಿ ಹರಡುವಂಥದು. ಫಜ್ರ್ ಶುರುವಾಗುವುದು ಆಗ. ಹಾಗಾದರೆ ಆ ಸುಳ್ಳು ಬೆಳಗು ಏನು? ಗ್ರಹಗಳ ನಡುವೆ ತೇಲುವ ಧೂಳಿಗೆ ಸೂರ್ಯನ ಬೆಳಕು ಬಿದ್ದು ಕಾಣುವ ಹೊಳಪು ಎಂದು ಇಂದಿನ ಖಗೋಳಶಾಸ್ತ್ರ ಹೇಳುತ್ತದೆ. ಸೌರಮಂಡಲದ ಧೂಳು! ದೂರದರ್ಶಕ ಹುಟ್ಟುವ ಎಷ್ಟೋ ಶತಮಾನ ಮುಂಚೆ, ನಮಾಜಿಗೆ ಏಳುತ್ತಿದ್ದ ಸಾಮಾನ್ಯ ಜನ ಆ ಧೂಳಿನ ಬೆಳಕನ್ನೂ ಹಗಲಿನ ಬೆಳಕನ್ನೂ ಬೇರೆಬೇರೆ ಎಂದು ಗುರುತಿಸಿದ್ದರು. ಮಳೆಗಾಲ ಮುಗಿದ ಮೇಲೆ, ಚಂದ್ರನಿಲ್ಲದ ರಾತ್ರಿಗಳಲ್ಲಿ ಕಡಲ ಮೇಲೆ ಬಲೆ ಬಿಟ್ಟು ಕೂತವರು ಮೂಡಣಕ್ಕೆ, ಘಟ್ಟದ ಸಾಲಿನ ಮೇಲೆ ಕಣ್ಣಿಟ್ಟರೆ ಆ ತೋಳದ ಬಾಲವನ್ನು ಈಗಲೂ ನೋಡಬಹುದು.

ಈ ಐದು ಹೊತ್ತಿನ ಹಂಬಲ ಎಂಥೆಂಥವರನ್ನು ಬೆಳೆಸಿತು! ದೊಡ್ಡ ಮಸೀದಿಗಳಲ್ಲಿ ಹೊತ್ತು ಲೆಕ್ಕ ಹಾಕುವುದಕ್ಕೆಂದೇ ಮುವಕ್ಕಿತ್ ಎಂಬ ಪಂಡಿತರಿರುತ್ತಿದ್ದರು. ಡಮಾಸ್ಕಸ್‌ನ ಉಮಯ್ಯದ್ ಮಸೀದಿಯ ಮುವಕ್ಕಿತ್ ಇಬ್ನ್ ಅಲ್-ಶಾತಿರ್ 1371ರಲ್ಲಿ ಅಲ್ಲಿನ ಮಿನಾರಿಗೆ ಒಂದು ಭವ್ಯವಾದ ನೆರಳು ಗಡಿಯಾರ ಮಾಡಿಕೊಟ್ಟ. ಚಂದ್ರನ ಚಲನೆಗೆ ಅವನು ಕಟ್ಟಿದ ಗಣಿತದ ಮಾದರಿಯೂ, ಸುಮಾರು ಒಂದೂವರೆ ಶತಮಾನದ ನಂತರ ಕೊಪರ್ನಿಕಸ್ ಬಳಸಿದ ಮಾದರಿಯೂ ಒಂದೇ ಎಂದು ಇಪ್ಪತ್ತನೆಯ ಶತಮಾನದ ವಿದ್ವಾಂಸರು ಕಂಡು ಬೆರಗಾದರು. ನಮಾಜಿಗೆ ಹೊತ್ತಾಯಿತೇ ಎಂಬ ಪುಟ್ಟ ಪ್ರಶ್ನೆ ಮನುಷ್ಯನನ್ನು ಎಲ್ಲಿಗೆ ಮುಟ್ಟಿಸಿತು ನೋಡಿ!

ಇನ್ನು ನಮಾಜಿನ ಒಳಗಿನ ಲೆಕ್ಕ. ನಿಲ್ಲುವುದು, ಬಾಗುವುದು, ನೆಲಕ್ಕೆ ಹಣೆಹಚ್ಚುವುದು ಸೇರಿದ ಒಂದು ಸುತ್ತಿಗೆ ರಕಅತ್ ಎಂದು ಹೆಸರು. ಫಜ್ರ್‌ಗೆ 2, ಝುಹರ್‌ಗೆ 4, ಅಸರ್‌ಗೆ 4, ಮಗ್ರಿಬ್‌ಗೆ 3, ಇಶಾಕ್ಕೆ 4. ದಿನಕ್ಕೆ 17 ಕಡ್ಡಾಯ ರಕಅತ್. ಪ್ರತಿ ರಕಅತ್‌ಗೆ ಎರಡು ಸುಜೂದ್, ಅಂದರೆ ದಿನಕ್ಕೆ 34 ಬಾರಿ ಹಣೆ ನೆಲ ಮುಟ್ಟಬೇಕು. ಮುಟ್ಟುವುದು ಹಣೆಯೊಂದೇ ಅಲ್ಲ. ಎರಡು ಅಂಗೈ, ಎರಡು ಮೊಣಕಾಲು, ಎರಡು ಪಾದದ ಬೆರಳು ಸೇರಿ ಏಳು ಅಂಗ ನೆಲಕ್ಕೆ ತಾಗಬೇಕು. ಮನುಷ್ಯನ ದೇಹದಲ್ಲಿ ಎಲ್ಲಕ್ಕಿಂತ ಎತ್ತರದಲ್ಲಿರುವುದು ತಲೆ. ಅದು ದಿನಕ್ಕೆ 34 ಬಾರಿ ಪಾದದ ಮಟ್ಟಕ್ಕೆ ಇಳಿಯುತ್ತದೆ.

ಒಂದಾಳೋ, ಎರಡಾಳೋ

ಈಗ ಮತ್ತೆ ಆ ನೆರಳಿಗೆ ಬರುತ್ತೇನೆ. ಏಕೆಂದರೆ ಅಲ್ಲಿ ಒಂದು ಅದ್ಭುತ ಅಡಗಿದೆ.

ತದಡಿ ಇರುವುದು ಉತ್ತರಕ್ಕೆ ಹದಿನಾಲ್ಕೂವರೆ ಡಿಗ್ರಿ ಅಕ್ಷಾಂಶದ ಮೇಲೆ. ವರ್ಷಕ್ಕೆ ಎರಡು ಬಾರಿ, ಏಪ್ರಿಲ್ ಕೊನೆಗೊಮ್ಮೆ, ಆಗಸ್ಟ್ ನಡುವಿಗೊಮ್ಮೆ, ಇಲ್ಲಿ ಸೂರ್ಯ ನೆಟ್ಟ ನೆತ್ತಿಗೆ ಬರುತ್ತಾನೆ. ಆ ಗಳಿಗೆಯಲ್ಲಿ ನಿಂತ ಕಂಬಕ್ಕೆ ನೆರಳೇ ಇರುವುದಿಲ್ಲ. ಏಪ್ರಿಲ್‌ನ ಅಂಥ ದಿನ ನಡುಹಗಲು ಕಳೆದು ಮೂರು ತಾಸಿಗೆ ತುಸು ಮಿಕ್ಕಿ, ಗಡಿಯಾರದಲ್ಲಿ ಸುಮಾರು 3 ಗಂಟೆ 36 ನಿಮಿಷಕ್ಕೆ, ಕಂಬದ ನೆರಳು ಕಂಬದಷ್ಟೇ ಆಗುತ್ತದೆ. ಉಳಿದ ದಿನಗಳಲ್ಲಿ ನಡುಹಗಲಿನ ನೆರಳನ್ನೂ ಸೇರಿಸಿ ಎಣಿಸಬೇಕು. ಡಿಸೆಂಬರಿನಲ್ಲಂತೂ ನಡುಹಗಲಿಗೇ ಆಳಿನ ಮುಕ್ಕಾಲು ಭಾಗಕ್ಕಿಂತ ತುಸು ಹೆಚ್ಚು ನೆರಳಿರುತ್ತದೆ.

ಆದರೆ ಘಟ್ಟ ಹತ್ತಿ ಹುಬ್ಬಳ್ಳಿಗೋ ವಿಜಯಪುರಕ್ಕೋ ಹೋಗಿ ನೋಡಿ. ಅಲ್ಲಿನ ಹೆಚ್ಚಿನ ಮಸೀದಿಗಳಲ್ಲಿ ಅಸರ್ ಆಗುವುದು ನೆರಳು ಎರಡಾಳುದ್ದ ಆದಾಗ! ಈ ಏಪ್ರಿಲ್ ದಿನದ ಲೆಕ್ಕ ಹಿಡಿದರೆ ಅದು ಒಂದೂ ಕಾಲು ತಾಸು ತಡ. ಒಂದೇ ಧರ್ಮ, ಒಂದೇ ರಾಜ್ಯ, ಒಂದೇ ಸೂರ್ಯ. ಮತ್ತೆ ಯಾಕೆ ಎರಡು ಹೊತ್ತು?

ಉತ್ತರ ಕೇಳಿ. ಸುನ್ನಿ ಮುಸ್ಲಿಮರಲ್ಲಿ ನಾಲ್ಕು ಮದ್‌ಹಬ್‌ಗಳಿವೆ, ಅಂದರೆ ಆಚರಣೆಯ ನಾಲ್ಕು ವಿಧಿಪರಂಪರೆಗಳು. ನೆರಳು ಎರಡಾಳು ಎಂದವರು ಇರಾಕಿನ ಕೂಫಾದ ಇಮಾಮ್ ಅಬೂ ಹನೀಫಾ. ಒಂದಾಳು ಎಂದವರಲ್ಲಿ ಗಾಝಾದಲ್ಲಿ ಹುಟ್ಟಿ, ಮೆಕ್ಕಾದಲ್ಲಿ ಬೆಳೆದು, ಯೆಮನ್‌ನಲ್ಲಿ ಕೆಲಸ ಮಾಡಿ, ಈಜಿಪ್ಟಿನಲ್ಲಿ ಕಣ್ಣುಮುಚ್ಚಿದ ಇಮಾಮ್ ಶಾಫಿ ಒಬ್ಬರು. ಅಬೂ ಹನೀಫಾ ತೀರಿಕೊಂಡದ್ದು 767ರಲ್ಲಿ, ಶಾಫಿ ಹುಟ್ಟಿದ್ದೂ ಅದೇ ವರ್ಷದಲ್ಲಿ! ಹನಫಿ ಪರಂಪರೆ ಮಧ್ಯ ಏಷ್ಯಾ ದಾಟಿ, ಕುದುರೆಯ ಬೆನ್ನೇರಿ, ದಿಲ್ಲಿಯ ದಾರಿಯಾಗಿ ದಖ್ಖನ್ನಿಗೆ ಬಂತು. ಶಾಫಿ ಪರಂಪರೆ ಯೆಮನ್ನಿನ, ಹದ್ರಮೌತ್‌ನ, ಪರ್ಶಿಯನ್ ಕೊಲ್ಲಿಯ ಬಂದರುಗಳಿಂದ ಹಾಯಿ ಬಿಚ್ಚಿ, ಮುಂಗಾರಿನ ಗಾಳಿ ಹಿಡಿದು, ನಮ್ಮ ಅಳಿವೆಗಳಿಗೆ ಬಂತು. ಭಟ್ಕಳದ ನವಾಯತರು ಶಾಫಿ. ಮಂಗಳೂರಿನ ಬ್ಯಾರಿಗಳು, ಕೇರಳದ ಮಾಪಿಳ್ಳೆಯರು, ಕೊಂಕಣದ ಮುಸ್ಲಿಮರೂ ಬಹುಪಾಲು ಶಾಫಿಗಳೇ. ಶ್ರೀಲಂಕಾದ ತೀರ, ಮಲೇಷ್ಯಾ, ಇಂಡೋನೇಷ್ಯಾ, ಅತ್ತ ಆಫ್ರಿಕದ ಝಾಂಝಿಬಾರ್, ಎಲ್ಲ ಕಡೆ ಅದೇ. ಹಿಂದೂ ಮಹಾಸಾಗರದ ದಡಗಳ ಸುತ್ತ ಗೆರೆ ಎಳೆದರೆ ಅದು ಶಾಫಿಗಳ ನಕಾಶೆಯೇ ಆಗುತ್ತದೆ!

ಅಂದರೆ, ತದಡಿಯ ಧಕ್ಕೆಯ ಮೇಲಿನ ಆ ಆಳುದ್ದದ ನೆರಳು ಹಡಗಿನಲ್ಲಿ ಬಂದದ್ದು. ಘಟ್ಟದ ಮೇಲಿನ ಎರಡಾಳುದ್ದದ ನೆರಳು ನೆಲದ ದಾರಿಯಲ್ಲಿ ಬಂದದ್ದು. ಒಂದೂ ಕಾಲು ತಾಸಿನ ಆ ಅಂತರದಲ್ಲಿ ಸಾವಿರ ವರ್ಷದ ಪ್ರಯಾಣದ ಚರಿತ್ರೆ ಮಲಗಿದೆ.

ಗುರುತುಗಳು ಇನ್ನೂ ಇವೆ. ಶಾಫಿ ಪರಂಪರೆಯ ಮಸೀದಿಯಲ್ಲಿ ಫಜ್ರ್ ನಮಾಜಿಗೆ ನಿಂತು ನೋಡಿ. ಎರಡನೆಯ ರಕಅತ್‌ನಲ್ಲಿ ಬಾಗಿ ಎದ್ದವರು ನೇರವಾಗಿ ಸುಜೂದ್‌ಗೆ ಹೋಗುವುದಿಲ್ಲ. ನಿಂತಲ್ಲೇ ಅಂಗೈ ಎತ್ತಿ ಕುನೂತ್ ಎಂಬ ಪ್ರಾರ್ಥನೆ ಮಾಡುತ್ತಾರೆ. ಭಟ್ಕಳದ ಹುಡುಗನೊಬ್ಬ ಜಾವಾದ ಹಳ್ಳಿಯ ಮಸೀದಿಗೆ ಹೋದರೆ ಭಾಷೆಯ ಒಂದು ಪದವೂ ತಿಳಿಯದಿರಬಹುದು. ಆದರೆ ಮುಂಜಾನೆಯ ಆ ಗಳಿಗೆಯಲ್ಲಿ ಎಲ್ಲರ ಕೈ ಮೇಲೇಳುವುದನ್ನು ಕಂಡರೆ ಮನೆಗೆ ಬಂದಷ್ಟು ಹಿತವಾದೀತು.

ಹೊನ್ನಾವರದ ಸುಲ್ತಾನನ ಬೆಳಗು

ಇದೆಲ್ಲ ಎಷ್ಟು ಹಳೆಯದು? ತದಡಿಯ ದಕ್ಷಿಣಕ್ಕೆ, ಶರಾವತಿ ಕಡಲು ಸೇರುವ ಹೊನ್ನಾವರಕ್ಕೆ ಬನ್ನಿ. 1342ರ ಹೊತ್ತಿಗೆ ಅಲ್ಲಿಗೆ ಮೊರಾಕ್ಕೊ ದೇಶದ ಪ್ರವಾಸಿಯೊಬ್ಬ ಬಂದಿಳಿದ. ಹೆಸರು ಇಬ್ನ್ ಬತೂತ. ಅವನ ಬರಹದಲ್ಲಿ ಊರಿನ ಹೆಸರು ಹಿನೌರ್. ಅಲ್ಲಿ ಆಗ ಆಳುತ್ತಿದ್ದವನು ಜಮಾಲುದ್ದೀನ್ ಮುಹಮ್ಮದ್ ಎಂಬ ಸುಲ್ತಾನ.

ಊರಿನವರು ಶಾಫಿ ಪರಂಪರೆಯವರು, ಧರ್ಮನಿಷ್ಠರು, ಕಡಲಿನಲ್ಲಿ ಬಲಶಾಲಿಗಳು ಎಂದು ಅವನು ದಾಖಲಿಸಿದ. ಹೌದು, ಶಾಫಿ ಎಂದೇ ಹೆಸರಿಟ್ಟು ಬರೆದ! ನನ್ನ ಬಿದಿರ ಗಳುವಿನ ನೆರಳಿಗೆ ಸುಮಾರು 680 ವರ್ಷ ಹಿಂದಿನ ಸಾಕ್ಷಿ ಸಿಕ್ಕಿತ್ತು. ಆಗಲೂ ಇದೇ ಕರಾವಳಿಯಲ್ಲಿ, ಇದೇ ಬಿಸಿಲಿನಲ್ಲಿ, ನೆರಳು ಆಳುದ್ದ ಆದಾಗ ಅಸರ್ ಆಗುತ್ತಿತ್ತು.

ಸುಲ್ತಾನನ ದಿನಚರಿಯನ್ನೂ ಅವನು ಬಿಡಲಿಲ್ಲ. ಬೆಳಕು ಮೂಡುವ ಮುಂಚೆಯೇ ಸುಲ್ತಾನ ಮಸೀದಿಗೆ ಬರುತ್ತಿದ್ದ. ಬೆಳಕಾಗುವ ತನಕ ಕುರ್‌ಆನ್ ಓದುತ್ತಿದ್ದ. ಹೊತ್ತು ಆದ ಕೂಡಲೇ ಜಮಾತಿನೊಂದಿಗೆ ನಮಾಜು. ಆಮೇಲೆ ಕುದುರೆ ಏರಿ ಊರಾಚೆ ಹೋಗಿ, ಹೊತ್ತೇರಿದ ಮೇಲೆ ಮರಳಿ, ಅರಮನೆಗಿಂತ ಮುಂಚೆ ಮತ್ತೆ ಮಸೀದಿಗೇ ಬಂದು ನಮಾಜು ಮಾಡುತ್ತಿದ್ದ. ಚಾಂದ್ರಮಾಸದ ನಡುವಿನ ಬೆಳದಿಂಗಳ ದಿನಗಳಲ್ಲಿ ಉಪವಾಸ ಇರುತ್ತಿದ್ದ. ಉಪವಾಸ ಬಿಡುವ ಹೊತ್ತಿಗೆ ಅತಿಥಿಗೂ ಕರೆ ಬರುತ್ತಿತ್ತು. ಅನ್ನ, ತುಪ್ಪ, ಉಪ್ಪಿನಕಾಯಿ, ಮೀನು, ಕೊನೆಗೆ ಮಜ್ಜಿಗೆ! ಗೋದಿ ರೊಟ್ಟಿ ಬಲ್ಲ ಆ ಪರದೇಶಿ ಮತ್ತೊಮ್ಮೆ ಬಂದಾಗ ಇಲ್ಲಿ ಹನ್ನೊಂದು ತಿಂಗಳು ಬರೀ ಅನ್ನ ಉಂಡು ಕಳೆದನಂತೆ.

ಇನ್ನೊಂದು ಸಂಗತಿ ಓದಿದಾಗ ಪುಸ್ತಕ ಮುಚ್ಚಿ ಸುಮ್ಮನೆ ಕೂತುಬಿಟ್ಟೆ. ಹೊನ್ನಾವರದ ಹೆಂಗಸರು ಕುರ್‌ಆನ್ ಬಾಯಿಪಾಠ ಬಲ್ಲವರು. ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳಿವೆ. ಇಂಥದ್ದನ್ನು ಬೇರೆಲ್ಲೂ ಕಾಣಲಿಲ್ಲ ಎಂದ ಇಬ್ನ್ ಬತೂತ. ಕೈರೋ, ಡಮಾಸ್ಕಸ್, ಮೆಕ್ಕಾ, ದಿಲ್ಲಿ ಎಲ್ಲ ನೋಡಿದ ಕಣ್ಣು ಅದು. ಆ ಕಣ್ಣು ಬೆರಗಾದದ್ದು ನಮ್ಮ ಹೊನ್ನಾವರದ ಹೆಣ್ಣುಮಕ್ಕಳ ಪಾಠಶಾಲೆಯ ಮುಂದೆ! ಕರಾವಳಿಯ ಪ್ರತಿ ಶಾಲೆಯ ಗೋಡೆಯ ಮೇಲೆ ಇದನ್ನು ಬರೆದಿಡಬೇಕು.

ಕಡಲಿನವರ ಪ್ರಶ್ನೆಗಳು

ಈ ಆರಾಧನೆಯ ವಿಧಿಗಳನ್ನು ಒಂದೊಂದಾಗಿ ಬಿಡಿಸುತ್ತ ಹೋದರೆ ಅದರೊಳಗೆ ಎಷ್ಟೊಂದು ಕಡಲು! ಪ್ರವಾದಿ ಮುಹಮ್ಮದರ ಬಳಿಗೆ ಒಬ್ಬ ಬಂದು ಕೇಳಿದನೆಂದು ಹದೀಸ್, ಅಂದರೆ ಪ್ರವಾದಿಯವರ ನಡೆನುಡಿಗಳ ದಾಖಲೆ, ಹೇಳುತ್ತದೆ: ನಾವು ಕಡಲಿಗೆ ಹೋಗುವವರು, ಒಯ್ಯುವ ಸಿಹಿನೀರು ಸ್ವಲ್ಪ, ಅದರಲ್ಲಿ ವುಝೂ (ನಮಾಜಿಗೆ ಮುಂಚೆ ಕೈ, ಮುಖ, ಪಾದ ತೊಳೆಯುವುದು) ಮಾಡಿದರೆ ಕುಡಿಯಲು ಉಳಿಯುವುದಿಲ್ಲ, ಕಡಲ ನೀರಿನಲ್ಲಿ ಮಾಡಬಹುದೇ? ಕಡಲ ನೀರು ಶುದ್ಧಿ ಮಾಡುತ್ತದೆ, ಅದರಲ್ಲಿ ಸತ್ತದ್ದೂ ತಿನ್ನಲು ಸಲ್ಲುತ್ತದೆ ಎಂಬರ್ಥದ ಉತ್ತರ ಬಂತು. ಕೇಳಿದ್ದು ನೀರಿನ ವಿಚಾರ, ಸಿಕ್ಕಿದ್ದು ಊಟಕ್ಕೂ ಅಪ್ಪಣೆ! ಮೀನುಗಾರನಿಗೆ ಎರಡೂ ಬೇಕಲ್ಲವೇ? ಆ ಒಂದು ಉತ್ತರದ ಮೇಲೆ ಶಾಫಿ ಪಂಡಿತರು ಸಮುದ್ರದ ಆಹಾರದ ವಿಚಾರದಲ್ಲಿ ಉದಾರರಾದರು. ಹನಫಿ ಪಂಡಿತರು ಮೀನಿಗಷ್ಟೇ ಒಪ್ಪಿಗೆ ಕೊಟ್ಟರು. ನೀರೇ ಸಿಗದ ಕಡೆ ಶುದ್ಧ ಮಣ್ಣಿಗೆ ಅಂಗೈ ತಟ್ಟಿ ಮುಖ, ಕೈ ಸವರಿಕೊಂಡರೂ ಸಾಕು, ಅದಕ್ಕೆ ತಯಮ್ಮುಮ್ ಎನ್ನುತ್ತಾರೆ. ಮರಳುಗಾಡಿನವನಿಗೂ ದಾರಿ ಇದೆ, ಕಡಲಿನವನಿಗೂ ದಾರಿ ಇದೆ.

ಬೋಟಿನ ಮೇಲೆ ನಮಾಜು ಹೇಗೆ? ನಿಲ್ಲಲು ಆದರೆ ನಿಂತು. ಅಲೆ ಜೋರಾಗಿ ತಲೆ ತಿರುಗಿ ಬೀಳುವಂತಾದರೆ ಕೂತು. ನಡುವೆ ಬೋಟು ದಿಕ್ಕು ಬದಲಿಸಿದರೆ ನಮಾಜು ಮಾಡುವವನೂ ನಿಂತಲ್ಲೇ ಮೆಲ್ಲಗೆ ತಿರುಗಿಕೊಳ್ಳಬೇಕು, ದಿಕ್ಸೂಚಿಯ ಮುಳ್ಳಿನ ಹಾಗೆ! ಕೆಳಗೆ ಬೋಟು ಹೊರಳುತ್ತದೆ, ಮೇಲೆ ಮನುಷ್ಯ ಒಂದೇ ಕಡೆ ಮುಖ ಹಿಡಿದು ನಿಂತಿದ್ದಾನೆ. ಈ ಚಿತ್ರ ಕಣ್ಣ ಮುಂದೆ ತಂದುಕೊಳ್ಳಿ.

ದೂರ ಪ್ರಯಾಣದವರಿಗೆ ರಿಯಾಯಿತಿಯೂ ಉಂಟು. ನಾಲ್ಕು ರಕಅತ್‌ನ ನಮಾಜುಗಳನ್ನು ಎರಡಕ್ಕೆ ಇಳಿಸಬಹುದು. ಆಗ ದಿನದ 17 ರಕಅತ್ 11ಕ್ಕೆ ಇಳಿಯುತ್ತದೆ. ಶಾಫಿ ಪರಂಪರೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರಯಾಣದಲ್ಲಿ ಝುಹರನ್ನು ಅಸರ್ ಜೊತೆಗೆ, ಮಗ್ರಿಬನ್ನು ಇಶಾ ಜೊತೆಗೆ ಕೂಡಿಸಲೂ ಬಿಡುತ್ತದೆ. ಹನಫಿಗಳಲ್ಲಿ ಹಜ್ ಯಾತ್ರೆಯ ಗೊತ್ತಾದ ಸಂದರ್ಭ ಬಿಟ್ಟರೆ ಈ ಅವಕಾಶವಿಲ್ಲ. ದಿನಗಟ್ಟಲೆ ಹಡಗಿನಲ್ಲಿದ್ದವರು ಈ ಪರಂಪರೆಯನ್ನು ಯಾಕೆ ಅಷ್ಟು ಹತ್ತಿರದಿಂದ ಅಪ್ಪಿಕೊಂಡರೋ ಏನೋ, ಈ ವಿಧಿ ಮಾತ್ರ ಅವರ ಬದುಕಿಗೆ ಅಳತೆ ತೆಗೆದು ಹೊಲಿದ ಅಂಗಿಯಂತಿದೆ.

ಇನ್ನು ಹೇಳುವುದು ಗಂಟಲು ಕಟ್ಟಿಸುವಂಥದು. ಸತ್ತವರಿಗಾಗಿ ಮಾಡುವ ಜನಾಝಾ ನಮಾಜಿನಲ್ಲಿ ಬಾಗುವುದಿಲ್ಲ, ಸುಜೂದ್ ಇಲ್ಲ. ನಿಂತೇ ನಾಲ್ಕು ಬಾರಿ ದೇವರ ಹಿರಿಮೆ ಸಾರಿ ಪ್ರಾರ್ಥಿಸಿ ಮುಗಿಸುತ್ತಾರೆ. ಸಾಮಾನ್ಯವಾಗಿ ಶವ ಮುಂದಿರುತ್ತದೆ. ಕಡಲು ನುಂಗಿದವನ ಶವ ಎಲ್ಲಿಂದ ತರುವುದು? ಪ್ರವಾದಿಯವರ ಕಾಲದಲ್ಲಿ ಕೆಂಪು ಸಮುದ್ರದಾಚೆ ಅಬಿಸೀನಿಯದ ದೊರೆ ನಜ್ಜಾಶಿ ತೀರಿಕೊಂಡ. ಕಷ್ಟಕಾಲದಲ್ಲಿ ಮುಸ್ಲಿಮರಿಗೆ ನೆರಳು ಕೊಟ್ಟವನು ಅವನು. ಪ್ರವಾದಿ ಮದೀನಾದಲ್ಲೇ ಜನರನ್ನು ಸಾಲಾಗಿ ನಿಲ್ಲಿಸಿ, ಎದುರಿಗಿಲ್ಲದ ಆ ದೊರೆಗಾಗಿ ಜನಾಝಾ ನಮಾಜು ಮಾಡಿದರು. ಅದನ್ನು ಆಧಾರವಾಗಿಟ್ಟು ಶಾಫಿ ಪರಂಪರೆ ಕಣ್ಣೆದುರಿಲ್ಲದ ಮೃತರಿಗಾಗಿ ನಮಾಜು ಮಾಡಲು ಒಪ್ಪುತ್ತದೆ. ಹನಫಿ ಪರಂಪರೆ ಒಪ್ಪುವುದಿಲ್ಲ. ಮಗ ದುಬೈಯಲ್ಲಿ ತೀರಿಕೊಂಡು ಅಲ್ಲೇ ಮಣ್ಣಾದರೆ ಇಲ್ಲಿ ಊರವರು ಸಾಲು ನಿಲ್ಲಬಹುದು. ಬೋಟು ಮರಳದಿದ್ದರೂ ಸಾಲು ನಿಲ್ಲಬಹುದು. ಎದುರಿಗೆ ಏನೂ ಇಲ್ಲ, ಬರೀ ಪಡುವಣ. ಪ್ರಾರ್ಥನೆ ಮಾತ್ರ ಇಡಿಯಾಗಿ ಇದೆ. ಬಂದರುಗಳ ಜನಕ್ಕೆ ಇದಕ್ಕಿಂತ ದೊಡ್ಡ ಸಮಾಧಾನ ಯಾರು ಕೊಟ್ಟಾರು?

ಚಂದ್ರ, ಭರತ, ಗ್ರಹಣ

ದಿನದ ಗಡಿಯಾರ ಸೂರ್ಯನಾದರೆ ತಿಂಗಳ ಗಡಿಯಾರ ಚಂದ್ರ. ರಂಝಾನಿನ ಉಪವಾಸ, ರಾತ್ರಿಯ ತರಾವೀಹ್ ನಮಾಜು, ಕೊನೆಯ ಹತ್ತು ದಿನ ಮಸೀದಿಯಲ್ಲೇ ಉಳಿಯುವ ಇಅ್‌ತಿಕಾಫ್, ಎಲ್ಲಕ್ಕೂ ಪಡುವಣದಲ್ಲಿ ಮೂಡುವ ಕೂದಲೆಳೆಯಂಥ ಚಂದ್ರನೇ ಸೂಚನೆ. ಚಾಂದ್ರ ವರ್ಷ ಸುಮಾರು 354 ದಿನ. ಹಾಗಾಗಿ ರಂಝಾನ್ ವರ್ಷಕ್ಕೆ ಹತ್ತು ಹನ್ನೊಂದು ದಿನ ಹಿಂದೆ ಸರಿದು, ಸುಮಾರು 33 ವರ್ಷಕ್ಕೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ತದಡಿಯ ಒಬ್ಬ ಮುಸ್ಲಿಮ್ ಮೀನುಗಾರ ಒಂದು ಬಾಳಿನಲ್ಲಿ ಮುಂಗಾರಿನ ಉಪವಾಸವನ್ನೂ, ಬಂಗಡೆ ಸುಗ್ಗಿಯ ಉಪವಾಸವನ್ನೂ, ಈ ಏಪ್ರಿಲ್ ಬಿಸಿಲಿನ ಉಪವಾಸವನ್ನೂ ಕಾಣುತ್ತಾನೆ.

ಈಗ ತದಡಿಯ ಬಳಿ ಕಡಲು ಸೇರುವ ಅಘನಾಶಿನಿಯನ್ನು ನೋಡಿ. ಅಣೆಕಟ್ಟಿಲ್ಲದೆ ಹರಿಯುವ ಈ ನದಿಯ ಅಳಿವೆ 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿತು. ಬೆಳಚು ಎಂಬ ಚಿಪ್ಪುಜೀವಿ ಆಯುವವರಿಗೆ, ಗಜನಿ ಎಂಬ ಉಪ್ಪುನೀರಿನ ಗದ್ದೆಯಲ್ಲಿ ಕಗ್ಗ ಭತ್ತ ಬೆಳೆಯುವವರಿಗೆ ಭರತ ಇಳಿತಗಳೇ ಪಂಚಾಂಗ. ಅಮಾವಾಸ್ಯೆ ಹುಣ್ಣಿಮೆಗಳ ಬಳಿ ಭರತ ದೊಡ್ಡದು. ಅಮಾವಾಸ್ಯೆ ಕಳೆದು ಒಂದೆರಡು ದಿನಕ್ಕೆ ಈದ್ ಚಂದ್ರ ಕಾಣುತ್ತಾನೆ. ಅಳಿವೆಗೆ ನೀರು ಉಕ್ಕಿ ನುಗ್ಗುವುದೂ ಆ ದಿನಗಳಲ್ಲೇ! ಹೊನ್ನಾವರದ ಸುಲ್ತಾನ ಉಪವಾಸವಿರುತ್ತಿದ್ದ ಬೆಳದಿಂಗಳ ದಿನಗಳು ಅಂದರೆ ಚಾಂದ್ರಮಾಸದ 13, 14, 15. ಅವೂ ಹುಣ್ಣಿಮೆಯ ಭರತದ ದಿನಗಳೇ. ಚಂದ್ರ ಒಬ್ಬನೇ, ಎಳೆದದ್ದು ನೀರನ್ನೂ ಹೌದು, ಮನುಷ್ಯನ ಮನಸ್ಸನ್ನೂ ಹೌದು.

ಗ್ರಹಣ ಬಂದರೆ? ಪಕ್ಕದ ಗೋಕರ್ಣದಲ್ಲಿ ಜನ ಕಡಲಿಗಿಳಿದು ಮೀಯುತ್ತಾರೆ, ಜಪಕ್ಕೆ ಕೂರುತ್ತಾರೆ. ಮುಸ್ಲಿಮರಿಗೂ ಗ್ರಹಣಕ್ಕೆಂದೇ ಒಂದು ನಮಾಜಿದೆ. ಶಾಫಿ ಪರಂಪರೆಯಲ್ಲಿ ಆ ನಮಾಜಿನ ಪ್ರತಿ ರಕಅತ್‌ನಲ್ಲಿ ಎರಡೆರಡು ಬಾರಿ ಬಾಗುತ್ತಾರೆ. ಪ್ರವಾದಿಯವರ ಎಳೆಯ ಮಗ ಇಬ್ರಾಹೀಮ್ ತೀರಿಕೊಂಡ ದಿನವೇ ಸೂರ್ಯಗ್ರಹಣ ಹಿಡಿಯಿತು. ಮಗುವಿನ ಸಾವಿಗೆ ಸೂರ್ಯನೇ ಮಂಕಾದ ಎಂದರು ಜನ. ಮಗನನ್ನು ಕಳೆದುಕೊಂಡ ಆ ತಂದೆ ಅದನ್ನು ಒಪ್ಪಲಿಲ್ಲ. ಯಾರ ಹುಟ್ಟಿಗೂ ಸಾವಿಗೂ ಸೂರ್ಯಚಂದ್ರರಿಗೆ ಗ್ರಹಣ ಹಿಡಿಯುವುದಿಲ್ಲ, ಅವು ದೇವರ ಕುರುಹುಗಳು ಎಂದು ತಿಳಿಹೇಳಿ ನಮಾಜಿಗೆ ನಿಂತರು. ಆ ಗ್ರಹಣ 632ರ ಜನವರಿ 27ರದ್ದು ಎಂದು ಖಗೋಳ ಲೆಕ್ಕ ಹೇಳುತ್ತದೆ.

ಸಂಧ್ಯಾವಂದನೆಗೆ ಕೂತ ಗೋಕರ್ಣದ ಭಟ್ಟರೂ, ಮಗ್ರಿಬ್‌ಗೆ ನಿಂತ ತದಡಿಯ ಮೀನುಗಾರರೂ ಕಣ್ಣಿಟ್ಟಿರುವುದು ಒಂದೇ ಸೂರ್ಯನ ಮೇಲೆ. ನೆರೆಹೊರೆಯವರಾಗಿ ಇಷ್ಟು ಕಾಲ ಬಾಳಿದವರಿಗೆ ಆಕಾಶವೂ ಸಮಪಾಲು.

ಒಂಚೂರು ಬಲಕ್ಕೆ

ಕೊನೆಗೂ ಆ ಮೊದಲ ಬೆರಗಿಗೆ ಬಂದೆ. ಆ ಮೀನುಗಾರರು ಪಡುವಣಕ್ಕೆ ನಿಂತು ಒಂಚೂರು ಬಲಕ್ಕೆ ತಿರುಗಿದ್ದು ಯಾಕೆ?

ನಮಾಜಿಗೆ ಮುಖ ಮಾಡಬೇಕಾದ ದಿಕ್ಕು ಕಿಬ್ಲಾ, ಮೆಕ್ಕಾದ ಕಾಬಾದ ಕಡೆ. ತದಡಿಯಿಂದ ಕಾಬಾಗೆ ನೇರ ಗೆರೆ ಎಳೆದರೆ ಸುಮಾರು 3,700 ಕಿಲೋಮೀಟರ್. ಗೋಳಾಕಾರದ ಭೂಮಿಯ ಮೇಲೆ ಲೆಕ್ಕ ಹಾಕಿದಾಗ ಆ ಗೆರೆ ನೇರ ಪಡುವಣಕ್ಕೆ ಹೋಗುವುದಿಲ್ಲ. ಪಡುವಣದಿಂದ ಬಡಗಣಕ್ಕೆ ಸುಮಾರು 17 ಡಿಗ್ರಿ ವಾಲುತ್ತದೆ. ಒಂಚೂರು ಬಲಕ್ಕೆ! ದುಬೈಯಲ್ಲಿ ನಿಂತರೆ ಅದೇ ದಿಕ್ಕು ಪಡುವಣದಿಂದ ತೆಂಕಣಕ್ಕೆ 12 ಡಿಗ್ರಿಯಷ್ಟು ವಾಲುತ್ತದೆ. ಭಟ್ಕಳದ ತಾಯಿ ಬಲಕ್ಕೆ, ದುಬೈಯ ಮಗ ಎಡಕ್ಕೆ. ಇಬ್ಬರ ನೋಟವೂ ಕೂಡುವುದು ಒಂದೇ ಬಿಂದುವಿನಲ್ಲಿ.

ನೀವು ಮಸೀದಿಯಲ್ಲಿ ಸಫ್ ನೋಡಿರಬಹುದು, ಭುಜಕ್ಕೆ ಭುಜ ತಾಗಿಸಿ ನಿಂತ ನೇರ ಸಾಲು. ಅದು ನೇರವಲ್ಲ! ಕಾಬಾದ ಸುತ್ತ ಜನ ವೃತ್ತಾಕಾರದಲ್ಲಿ ನಿಲ್ಲುತ್ತಾರಲ್ಲ, ತದಡಿಯ ಸಾಲೂ ಅಂಥದೇ ಒಂದು ಭಾರೀ ವೃತ್ತದ ತುಣುಕು. ಇಪ್ಪತ್ತು ಮೀಟರ್ ಸಾಲಿನಲ್ಲಿ ಆ ಬಾಗು ತಲೆಗೂದಲಿನ ದಪ್ಪಕ್ಕಿಂತ ಕಡಿಮೆ, ಅದಕ್ಕೇ ಕಣ್ಣಿಗೆ ಕಾಣದು. ಕಾಣದಿದ್ದರೂ ಇದೆ.

ಇನ್ನೂ ಎರಡು ಗುಟ್ಟುಗಳಿವೆ. ಸೂರ್ಯ ಮುಳುಗುವ ಜಾಗ ವರ್ಷವಿಡೀ ಸರಿಯುತ್ತಿರುತ್ತದೆ. ಮೇ ಮೊದಲ ವಾರ ಮತ್ತು ಆಗಸ್ಟ್ ಮೊದಲ ವಾರದ ಸುಮಾರಿಗೆ ತದಡಿಯ ಕಡಲಿನಿಂದ ನೋಡಿದರೆ ಸೂರ್ಯ ಮುಳುಗುವುದು ಹೆಚ್ಚುಕಡಿಮೆ ಕಿಬ್ಲಾದ ಗೆರೆಯ ಮೇಲೆಯೇ. ಆಗಸ್ಟಿನದು ಯಾಂತ್ರಿಕ ಬೋಟುಗಳ 61 ದಿನದ ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿದು ಹೊಸ ಋತು ತೆರೆಯುವ ವಾರ. ಮೋಡ ಸರಿದರೆ, ಮೊದಲ ಬೋಟುಗಳ ಮೇಲೆ ಮಗ್ರಿಬ್‌ಗೆ ನಿಂತವರಿಗೆ ದಿಕ್ಕನ್ನು ಸೂರ್ಯನೇ ತೋರಿಸಿ ಮುಳುಗುತ್ತಾನೆ.

ಎರಡನೆಯದನ್ನು ನೀವೇ ಮಾಡಿ ನೋಡಬೇಕು. ಸೂರ್ಯ ತದಡಿಯ ನಡುಹಗಲು ದಾಟಿ 2 ಗಂಟೆ 18 ನಿಮಿಷಕ್ಕೆ ಮೆಕ್ಕಾದ ನಡುಹಗಲಿಗೆ ಮುಟ್ಟುತ್ತಾನೆ. ವರ್ಷಕ್ಕೆ ಎರಡು ಬಾರಿ, ಹಾಗೆ ಮುಟ್ಟಿದಾಗ ಅವನು ಕಾಬಾದ ನೆಟ್ಟ ನೆತ್ತಿಯ ಮೇಲಿರುತ್ತಾನೆ. ಆ ಗಳಿಗೆಯಲ್ಲಿ ಸೂರ್ಯ ಕಾಣುವ ಯಾವ ಊರಿನಲ್ಲಿ ನಿಂತು ಸೂರ್ಯನ ಕಡೆ ಮುಖ ಮಾಡಿದರೂ ಅದೇ ಕಿಬ್ಲಾ! ಜುಲೈ 16ರ ಸುಮಾರಿಗೆ, ನಮ್ಮ ಗಡಿಯಾರದಲ್ಲಿ 2 ಗಂಟೆ 57 ನಿಮಿಷಕ್ಕೆ, ಅಂಥದೊಂದು ಗಳಿಗೆ ಬರುತ್ತದೆ. ಆದರೆ ಆಗ ನಮ್ಮ ಕರಾವಳಿಯಲ್ಲಿ ಸೂರ್ಯನೇ ಅಪರೂಪ. ಇನ್ನೊಂದು ಮೇ 28ರ ಸುಮಾರಿಗೆ, ಮಧ್ಯಾಹ್ನ 2 ಗಂಟೆ 48 ನಿಮಿಷಕ್ಕೆ.

ಬರುವ ಮೇ 28ರಂದು ನೀವು ಭಾರತದಲ್ಲಿ ಎಲ್ಲೇ ಇರಿ, ಯಾವ ಧರ್ಮದವರೇ ಆಗಿರಿ, ಅಂಗಳದಲ್ಲಿ ಒಂದು ಕೋಲು ನೆಡಿ. 2 ಗಂಟೆ 48 ನಿಮಿಷಕ್ಕೆ ನೆರಳಿನ ತುದಿಗೆ ಒಂದು ಕಲ್ಲಿಡಿ. ಆ ಕಲ್ಲಿನಿಂದ ಕೋಲಿನ ಬುಡಕ್ಕೆ ಗೆರೆ ಎಳೆದು ನೋಡಿ. ತದಡಿಯ ಆ ಮೀನುಗಾರರು ದಿನಕ್ಕೆ ಐದು ಬಾರಿ ಮುಖ ಮಾಡಿ ನಿಲ್ಲುವುದು ಆ ಗೆರೆ ತೋರುವ ಬಿಂದುವಿನ ಕಡೆಗೇ.